ಲೋಹದ ಡ್ರ್ಯಾಗನ್‌ಗೆ ರೆಕ್ಕೆ ನಿಲ್ಲಿಸಿದ ಬಗೆ

ವಾರ್‌ಗೇಮ್, ಅಂದರೆ ಮೇಜಿನ ಮೇಲೆ ಪುಟ್ಟ ಬೊಂಬೆಗಳಿಂದ ಆಡುವ ಯುದ್ಧದಾಟದ ಲೋಹದ ಡ್ರ್ಯಾಗನ್‌ ರೆಕ್ಕೆ ಪದೇ ಪದೇ ಕಳಚಿ ಬೀಳುತ್ತಿತ್ತು. ಸೂಪರ್ ಗ್ಲೂ ಗಟ್ಟಿಯೇನೋ ಹೌದು, ಆದರೆ ಪೆಡಸು. ಭಾರದ ರೆಕ್ಕೆ ಸನ್ನೆಕೋಲಿನಂತೆ ಎಳೆದಾಗ, ಸಣ್ಣ ಪೆಟ್ಟು ಬಿದ್ದಾಗ ಬಿಟ್ಟುಕೊಳ್ಳುತ್ತದೆ. ಚಿಕ್ಕಮಗಳೂರಿನ ಮಳೆಗಾಲದ ತೇವಕ್ಕೆ ಅದು ಬೇಗ ಕಚ್ಚಿ, ಕೀಲಿನ ಸುತ್ತ ಬಿಳಿ ಪುಡಿಯನ್ನೂ ಬಿಡುತ್ತದೆ.

ಪರಿಹಾರ ಒಳಗೊಂದು ತಂತಿ. ಮೊದಲು ಭಾಗಗಳನ್ನು ಸೋಪು ನೀರಲ್ಲಿ ಉಜ್ಜಿ, ಒಣಗಿಸಿ, ಕೂಡುವ ಮುಖಗಳನ್ನು ಅರದಿಂದ ಸಮ ಮಾಡಿ. ಹಳೇ ಮಾದರಿಗಳಲ್ಲಿ ಸೀಸ ಇರಬಹುದು, ಪುಡಿ ಊದಬೇಡಿ, ಕೈ ತೊಳೆಯಿರಿ.

ಮೈಯ ಕಡೆ ಸೂಜಿಯಿಂದ ಗುಳಿ ಮಾಡಿ, ಪಿನ್ ವೈಸ್ ಎಂಬ ಕೈಯಲ್ಲೇ ತಿರುಗಿಸುವ ಪುಟ್ಟ ಡ್ರಿಲ್‌ನ 1 ಮಿ.ಮೀ. ಬಿಟ್‌ನಿಂದ 5 ಮಿ.ಮೀ. ಆಳ ಕೊರೆಯಿರಿ. ಲೋಹ ಮೆದು, ಬಿಟ್‌ನ ಸುರುಳಿಯಲ್ಲಿ ಮೆತ್ತಿಕೊಳ್ಳುತ್ತದೆ. ಎರಡು ಸುತ್ತಿಗೊಮ್ಮೆ ಹೊರಗೆಳೆದು ಒರೆಸಿ. ಒತ್ತಿದರೆ ಬಿಟ್ ಮುರಿದು ಒಳಗೇ ಉಳಿಯುತ್ತದೆ, ಆಮೇಲೆ ತೆಗೆಯೋದು ದೊಡ್ಡ ತಲೆನೋವು.

ತೂತಿಗೆ ಹಿತ್ತಾಳೆ ತಂತಿಯ ತುಂಡು ಹಾಕಿ, ತುದಿ ಕೂದಲೆಳೆಯಷ್ಟೇ ಹೊರಗಿರಲಿ. ಅದಕ್ಕೆ ಬಣ್ಣ ಹಚ್ಚಿ ರೆಕ್ಕೆಯನ್ನು ಒತ್ತಿದರೆ ರೆಕ್ಕೆಯಲ್ಲಿ ಎರಡನೇ ತೂತಿನ ಜಾಗಕ್ಕೆ ಚುಕ್ಕೆ ಬೀಳುತ್ತದೆ. ಅಲ್ಲಿ ಕೊರೆದು, ಉದ್ದನೆ ತಂತಿ ಹಾಕಿ, ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ಸ್ವಲ್ಪ ಓರೆಯಾಗಿದ್ದರೆ ಆ ತೂತನ್ನು 1.5 ಮಿ.ಮೀ.ಗೆ ಹಿಗ್ಗಿಸಿ, ಮಿಕ್ಕ ಜಾಗವನ್ನು ಅಂಟು ತುಂಬುತ್ತದೆ.

ಅಂಟಿಗೆ ಎರಡು ಟ್ಯೂಬಿನ ಎಪಾಕ್ಸಿ ಅಂಟು ಅರಾಲ್ಡೈಟ್, ಎರಡರಿಂದಲೂ ಸಮಸಮ ಬೆರೆಸಿ. ರೆಕ್ಕೆಯ ಕೆಳಗೆ ಮಕ್ಕಳ ಜೇಡಿಮಣ್ಣಿನ ಆಧಾರ ಕೊಟ್ಟು ರಾತ್ರಿಯಿಡೀ ಮುಟ್ಟಬೇಡಿ. ಸಂದಿಗೆ ಎಂ-ಸೀಲ್ ಪುಟ್ಟಿ ಮೆತ್ತಿ ಒದ್ದೆ ಬೆರಳಿಂದ ಸವರಿದರೆ ಸಾಕು.