ತಾಳೆಯಾಗದ ಶಿಲ್ಕು

ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ 2001ರ ಮಾರ್ಚ್ 14ರಂದು ಇಡೀ ದಿನ ಭಾರತದ ಒಂದೂ ವಿಕೆಟ್ ಬೀಳಲಿಲ್ಲ. ಬೆಳಿಗ್ಗೆ ಬ್ಯಾಟು ಹಿಡಿದು ಬಂದ ಲಕ್ಷ್ಮಣ್ ಮತ್ತು ನಮ್ಮ ದ್ರಾವಿಡ್ ಸಂಜೆ ಹಾಗೆಯೇ ಜೊತೆಯಾಗಿ ವಾಪಸು ಹೋದರು. ಆ ಆಟದ ತುಣುಕುಗಳನ್ನು ಒಂದು ಚಳಿಗಾಲದಲ್ಲಿ ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ, ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡಾದರೂ. ನೋಡುತ್ತಿದ್ದುದು ರಾತ್ರಿ ಒಂದರಿಂದ ಎರಡೂವರೆಯವರೆಗೆ, ಚಾದರದೊಳಗೆ, ಧ್ವನಿ ಬಂದ್ ಮಾಡಿಕೊಂಡು. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿದ್ದ ಆಟ. ಮನಸ್ಸು ಕುಗ್ಗಿದವನಿಗೆ ಹೊಸದೇನೂ ಬೇಕಿರುವುದಿಲ್ಲ. ಮುಗಿದುಹೋದದ್ದು, ಇನ್ನು ಕೆಡಲಾರದ್ದು ಸಾಕು.

ವಿಜಯಪುರದ ಎಪಿಎಂಸಿಯ ಒಂದು ಅಡತಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ದಿನದ ಜಮಾಖರ್ಚಿನ ಕಿರ್ದಿ ಬರೆಯುತ್ತಿದ್ದೇನೆ. ಈಗ ಕಂಪ್ಯೂಟರ್ ಬಂದಿದೆ, ಆದರೂ ಸಾಹುಕಾರರಿಗೆ ಕೆಂಪು ಬಟ್ಟೆಯ ಕಿರ್ದಿ ಇಲ್ಲದಿದ್ದರೆ ಸಮಾಧಾನವಿಲ್ಲ. ಆ ವರ್ಷ ದೀಪಾವಳಿಗೆ ಮೊದಲು ಅಣ್ಣ ಮತ್ತು ನಾನು ಬೇರೆಯಾದೆವು. ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ವಾಟ್ನಿ ಪತ್ರಕ್ಕೆ ಇಬ್ಬರೂ ಸಹಿ ಹಾಕಿದೆವು, ಅಂಗಳದ ನಡುವೆ ಗೋಡೆ ಎದ್ದಿತು, ನುಗ್ಗೆ ಮರ ನಮ್ಮ ಕಡೆ ಬಂತು, ಅವ್ವ ಅಣ್ಣನ ಕಡೆ ಹೋದಳು. ಸಂಜೆ ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅಣ್ಣನ ಹೆಂಡತಿ ವೈನಿಯ ಬಡಿತ ಬಿರುಸು, ಅವ್ವನದು ನಿಧಾನ, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುವಂಥದ್ದು. ಇಂದು ಯಾರು ಬಡಿಯುತ್ತಿದ್ದಾರೆ ಎಂದು ಕಿವಿಯಲ್ಲೇ ಗುರುತು ಹಿಡಿಯುತ್ತಿದ್ದೆ. ಅವ್ವನ ಬಡಿತ ಕೇಳಿದ ದಿನ ಊಟ ಸೇರುತ್ತಿರಲಿಲ್ಲ.

ನಿದ್ದೆ ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತು ಗಂಟೆಗೆಲ್ಲ ಕಣ್ಣು ಎಳೆಯುತ್ತಿತ್ತು. ನಾನೇ ಮಲಗುತ್ತಿರಲಿಲ್ಲ. ನಿದ್ದೆಗೆಡುವುದು ಬೇರೆ, ನಿದ್ದೆಯನ್ನು ತಳ್ಳುವುದು ಬೇರೆ ಎಂಬ ಈ ವ್ಯತ್ಯಾಸ ಹೊಳೆಯಲು ನನಗೆ ಮೂರು ತಿಂಗಳು ಬೇಕಾಯಿತು. ಮಲಗಿದರೆ ಮರುಕ್ಷಣವೇ ಬೆಳಗಾಗುತ್ತದೆ, ಬೆಳಗಾದರೆ ಮತ್ತೆ ಆ ಗೋಡೆ. ಎಚ್ಚರವಿದ್ದಷ್ಟು ಹೊತ್ತು ನಾಳೆ ಬರುವುದಿಲ್ಲ ಎಂಬ ಮಕ್ಕಳಾಟದ ಲೆಕ್ಕ ಅದು. ಹಗಲೆಲ್ಲ ಸಾಹುಕಾರರದ್ದು, ಸಂಜೆ ಮನೆಯದ್ದು, ಉಳಿದ ಈ ಎರಡು ತಾಸಾದರೂ ನನ್ನದಾಗಿರಲಿ ಎಂಬ ಹಟವೂ ಸೇರಿತ್ತು. ಹೀಗೆ ಮಲಗುವುದನ್ನು ಮುಂದೂಡುವುದಕ್ಕೆ ನೆದರ್ಲೆಂಡ್ಸ್‌ನ ಸಂಶೋಧಕರು 2014ರಲ್ಲಿ ಒಂದು ಹೆಸರನ್ನೇ ಕೊಟ್ಟಿದ್ದಾರೆಂದು ಆಮೇಲೆ ಓದಿದೆ. ಚೀನಿಯರು ಇದನ್ನು ಸೇಡಿನ ಜಾಗರಣೆ ಎನ್ನುತ್ತಾರಂತೆ. ಯಾರ ಮೇಲಿನ ಸೇಡು? ಬೆಳಿಗ್ಗೆ ಕನ್ನಡಿಯಲ್ಲಿ ಕಾಣುತ್ತಿದ್ದ ಮುಖವೇ ಉತ್ತರವಾಗಿತ್ತು.

ಬಿಡಲು ಮಾಡಿದ ಮೊದಲ ಪ್ರಯತ್ನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಮಾಡುವಂಥವೇ. ಆ್ಯಪ್ ಅಳಿಸಿದೆ, ಮೂರನೇ ದಿನ ಮತ್ತೆ ಹಾಕಿಕೊಂಡೆ. ಒಂಬತ್ತೂವರೆಗೇ ದೀಪ ಆರಿಸಿ ಮಲಗಿದೆ. ಅದು ಇನ್ನೂ ಕೇಡಾಯಿತು. ಕತ್ತಲಲ್ಲಿ ಮೂರು ತಾಸು ಹೊರಳಾಡಿ ಹಾಸಿಗೆ ಎಂದರೇ ಅಂಜಿಕೆ ಹುಟ್ಟಿತು. ಪರಿಚಯದ ಔಷಧಿ ಅಂಗಡಿಯಲ್ಲಿ ನಿದ್ದೆ ಗುಳಿಗೆ ಕೇಳಿದೆ. ವೈದ್ಯರ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದ. ಅಂದು ಸಿಟ್ಟು ಬಂದಿತ್ತು, ಈಗ ಅವನಿಗೆ ಒಂದು ಚಹಾ ಕುಡಿಸಬೇಕು ಅನಿಸುತ್ತದೆ.

ಕೊನೆಗೆ ಹೆಂಡತಿಯೇ ವೈದ್ಯರ ಬಳಿ ಕರೆದುಕೊಂಡು ಹೋದಳು. ಎಷ್ಟು ಗಂಟೆಗೆ ಮಲಗುತ್ತೀರಿ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು, “ಎಷ್ಟು ಗಂಟೆಗೆ ಏಳುತ್ತೀರಿ?”

“ಹೇಳಲು ಬರುವುದಿಲ್ಲ ಸರ್. ಏಳು, ಎಂಟು, ಸಂತೆ ಇಲ್ಲದ ದಿನ ಒಂಬತ್ತು.”

“ಮಲಗುವುದು ನಿಮ್ಮ ಕೈಯಲ್ಲಿಲ್ಲ, ಏಳುವುದು ಇದೆ. ಅದನ್ನು ಹಿಡಿಯಿರಿ.”

ಮತ್ತೆ ಎರಡು ಪ್ರಶ್ನೆಗಳನ್ನು ನಿಧಾನವಾಗಿ, ಹೆಂಡತಿಯನ್ನು ಹೊರಗೆ ಕೂರಿಸಿ ಕೇಳಿದರು. ಮೊದಲು ಇಷ್ಟವಾಗುತ್ತಿದ್ದುದೆಲ್ಲ ಈಗ ಸಪ್ಪೆಯಾಗಿದೆಯೇ? ಬದುಕಿ ಏನು ಮಾಡುವುದು ಎಂಬ ಯೋಚನೆ ಬರುತ್ತದೆಯೇ? ಮೊದಲನೆಯದಕ್ಕೆ ಸ್ವಲ್ಪ ಎಂದೆ, ಎರಡನೆಯದಕ್ಕೆ ಇಲ್ಲ ಎಂದೆ. ಹೌದು ಎನ್ನುವಂತಾದರೆ ಕಾಯಬೇಡಿ ಎಂದು 14416 ಎಂಬ ಸಂಖ್ಯೆ ಬರೆದುಕೊಟ್ಟರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, 2022ರ ಅಕ್ಟೋಬರ್‌ನಲ್ಲಿ ಆರಂಭವಾದದ್ದು; ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿದರು. ಎರಡೂ ಸರಿ ಇದ್ದವು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ನಿದ್ದೆಗೆ ಎರಡು ಖಾತೆಗಳಿವೆ. ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಜಮಾ ಆಗುತ್ತ ಹೋಗುತ್ತದೆ, ನಿದ್ದೆಯಲ್ಲಿ ಖರ್ಚಾಗುತ್ತದೆ. ಇದು ಒಂದು. ಇನ್ನೊಂದು ಮೈಯೊಳಗಿನ ಗಡಿಯಾರ. ಅದಕ್ಕೆ ಕೀಲಿ ಕೊಡುವುದು ಕಣ್ಣಿಗೆ ಬೀಳುವ ಬೆಳಕು. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಒಂಬತ್ತಕ್ಕೆ ಏಳುವವನಿಗೆ ಹತ್ತಕ್ಕೆ ಗಟ್ಟಿ ನಿದ್ದೆ ಬರಬೇಕೆಂದರೆ ಜಮಾ ಎಲ್ಲಿಂದ ಬರಬೇಕು? ಈ ಮಾತು ನನ್ನಂಥ ಗುಮಾಸ್ತನಿಗೆ ಹಿಡಿಸಿತು. ಚಹಾದ ವಿಷಯವನ್ನೂ ಹೇಳಿದರು. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ತಾಸು ಬೇಕು. ಅಂಗಡಿಯಲ್ಲಿ ರಾತ್ರಿ ಎಂಟಕ್ಕೆ ಹಮಾಲರ ಜೊತೆ ಕುಡಿಯುತ್ತಿದ್ದ ಕಡಕ್ ಚಹಾ ಬಿಟ್ಟೆ. ಸಂಜೆ ನಾಲ್ಕರ ನಂತರ ಚಹಾ ಇಲ್ಲ.

ಏಳುವ ಹೊತ್ತು 5.45 ಎಂದು ಗೊತ್ತು ಮಾಡಿಕೊಂಡೆ. ಎಷ್ಟೇ ತಡವಾಗಿ ಮಲಗಿರಲಿ, ಅದೇ ಹೊತ್ತು. ಮೊಬೈಲನ್ನು ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಪಕ್ಕ ಚಾರ್ಜಿಗೆ ಹಾಕಿ, ಪೇಟೆಯಿಂದ ಒಂದು ಅಲಾರಾಂ ಗಡಿಯಾರ ತಂದೆ. ಅದರ ಕೂಗು ಎಂಥದ್ದೆಂದರೆ ಮೊದಲ ದಿನ ಗೋಡೆಯಾಚೆಯಿಂದ ಅವ್ವ ಏನಾಯಿತು ಎಂದು ಕೇಳಿದಳು.

ಮೊದಲ ವಾರ ನರಕ. ಎರಡಕ್ಕೆ ಮಲಗಿ 5.45ಕ್ಕೆ ಏಳುವುದೆಂದರೆ ಇಡೀ ದಿನ ತಲೆಯೊಳಗೆ ಹತ್ತಿ ತುಂಬಿದಂತೆ. ಆ ವಾರ ಬೈಕ್ ಹತ್ತಬೇಡಿ ಎಂದು ವೈದ್ಯರು ಮೊದಲೇ ಹೇಳಿದ್ದರು, ನಡೆದೇ ಹೋಗುತ್ತಿದ್ದೆ. ನಾಲ್ಕನೇ ದಿನ ಸಂಜೆ ಲೆಕ್ಕದಲ್ಲಿ 1,800 ರೂಪಾಯಿ ವ್ಯತ್ಯಾಸ ಬಂತು. ನಮ್ಮ ಕಸುಬಿನಲ್ಲಿ ಒಂದು ಹಳೆಯ ಕಿವಿಮಾತಿದೆ: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ಎಂದು ಮೊದಲು ನೋಡು. ಹುಡುಕಿದರೆ ತೊಗರಿಯ ಒಂದು ಪಾವತಿಯಲ್ಲಿ 4,600ನ್ನು 6,400 ಎಂದು ಬರೆದಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಇಂಥ ತಪ್ಪು ಮಾಡಿರಲಿಲ್ಲ. ಸಾಹುಕಾರರು ಏನೂ ಅನ್ನಲಿಲ್ಲ, ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು ಅಷ್ಟೆ.

ಆ ಸಂಜೆ ಕಿರ್ದಿ ಮುಚ್ಚುವಾಗಲೇ ಒಂದು ವಿಷಯ ಹೊಳೆಯಿತು. ಲೆಕ್ಕ ತಾಳೆಯಾಗದಿದ್ದರೂ ನಾವು ಕಿರ್ದಿಯನ್ನು ತೆರೆದಿಟ್ಟು ಹೋಗುವುದಿಲ್ಲ. ವ್ಯತ್ಯಾಸವನ್ನು ಪೆನ್ಸಿಲ್ಲಿನಲ್ಲಿ ಅಂಚಿಗೆ ಬರೆದು, ಅಡಿಗೆರೆ ಎಳೆದು, ಆಖರಿ ಶಿಲ್ಕನ್ನು, ಅಂದರೆ ದಿನದ ಕೊನೆಗೆ ಉಳಿದ ಮೊತ್ತವನ್ನು, ಮರುದಿನದ ಆರಂಭದ ಶಿಲ್ಕಾಗಿ ಒಯ್ಯುತ್ತೇವೆ. ಮನೆಯಲ್ಲಿ ನಾನು ಮಾಡುತ್ತಿದ್ದುದು ಇದಕ್ಕೆ ಪೂರ್ತಿ ಉಲ್ಟಾ. ದಿನ ತಾಳೆಯಾಗಲಿಲ್ಲವೆಂದು ಪುಟವನ್ನೇ ಮುಚ್ಚುತ್ತಿರಲಿಲ್ಲ.

ಅಂಗಡಿಯಿಂದ ಹಳೆಯ, ಅರ್ಧ ಖಾಲಿ ಇದ್ದ ಕಿರ್ದಿಯೊಂದನ್ನು ಕೇಳಿ ತಂದೆ. ರಾತ್ರಿ ಎಂಟಕ್ಕೆ, ಊಟಕ್ಕೆ ಮುಂಚೆ, ಹೊಸ್ತಿಲ ಬಳಿ ಕೂತು ಕಾಲು ತಾಸು ಬರೆಯುವುದು. ಅಂದು ಮನಸ್ಸಿಗೆ ಚುಚ್ಚಿದ್ದೇನು, ಅದರಲ್ಲಿ ನಾಳೆ ಮಾಡಬಹುದಾದದ್ದು ಏನಾದರೂ ಇದೆಯೇ, ಇಲ್ಲವೇ. ಇದ್ದರೆ ಎದುರಿಗೆ ‘ನಾಳೆ’, ಇಲ್ಲದಿದ್ದರೆ ‘ಶಿಲ್ಕು’. ಒಂದು ಪುಟದಲ್ಲಿ ಹೀಗಿದೆ: “ಅವ್ವನ ಕನ್ನಡಕದ ಕಡ್ಡಿ ಮುರಿದಿದೆಯಂತೆ, ನನಗೆ ಹೇಳಲಿಲ್ಲ — ನಾಳೆ. ಅಣ್ಣ ಪೇಟೆಯಲ್ಲಿ ಎದುರಾಗಿ ತಲೆ ಬಗ್ಗಿಸಿ ಹೋದ — ಶಿಲ್ಕು.” ಕೊನೆಗೆ ಅಡಿಗೆರೆ. ಆಮೇಲೆ ಆ ವಿಷಯ ರಾತ್ರಿ ಬಂದು ಬಾಗಿಲು ತಟ್ಟಿದರೆ, ನಿನ್ನನ್ನು ಬರೆದಾಗಿದೆ ಎನ್ನಲು ನನ್ನ ಬಳಿ ಪುರಾವೆ ಇರುತ್ತಿತ್ತು. ಜೊತೆಗೆ ಒಂದು ಕಟ್ಟಳೆ ಮಾಡಿಕೊಂಡೆ. ರಾತ್ರಿ ಹತ್ತರ ಮೇಲೆ ಬದುಕಿನ ಬಗ್ಗೆ ಯಾವ ತೀರ್ಮಾನವನ್ನೂ ಮಾಡುವಂತಿಲ್ಲ. ಮಧ್ಯರಾತ್ರಿ ಹಾಕಿದ ಲೆಕ್ಕವನ್ನು ಬೆಳಿಗ್ಗೆ ಪರಿಶೀಲಿಸಿದಾಗ ಒಂದು ಸಲವೂ ಸರಿ ಇದ್ದದ್ದು ನೆನಪಿಲ್ಲ.

ಉಳಿದದ್ದು ಹಾಸಿಗೆ. ಕಣ್ಣು ಎಳೆದಾಗ ಮಾತ್ರ ಮಲಗು, ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬಾ, ಮತ್ತೆ ಕಣ್ಣು ಎಳೆದಾಗ ಹೋಗು. ಇದು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿಕೊಟ್ಟ ಕ್ರಮ. ಕೇಳಲು ಸುಲಭ. ಆದರೆ ಎದ್ದು ಬಂದು ಮಾಡುವುದೇನು? ಪುಸ್ತಕ ಓದಿ ಎನ್ನುತ್ತಾರೆ. ನನಗೆ ಪುಸ್ತಕ ಹಿಡಿದರೆ ನಿದ್ದೆ ಹಾರುತ್ತದೆ. ಹೆಂಡತಿ ಒಂದು ಬುಟ್ಟಿ ಶೇಂಗಾ ತಂದು ಮುಂದಿಟ್ಟಳು. “ಹೇಗೂ ಎದ್ದಿರುತ್ತೀರಿ, ಸುಲಿಯಿರಿ.”

ಅದರಷ್ಟು ಒಳ್ಳೆಯ ಮದ್ದು ನನಗೆ ಬೇರೆ ಸಿಗಲಿಲ್ಲ. ಮಂದ ದೀಪ, ನೆಲದ ಮೇಲೆ ಚಾಪೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಾಯಿಯ ಮೂತಿ ಒತ್ತಿದರೆ ಟಕ್ ಎಂದು ಬಾಯಿ ಬಿಡುತ್ತದೆ. ಎರಡು ಕಾಳು, ಕೆಲವೊಮ್ಮೆ ಮೂರು. ನಡುವೆ ಒಂದು ಜೊಳ್ಳು ಸಿಕ್ಕರೆ ಏನೋ ಬೇಸರ. ಸಿಪ್ಪೆ ಎಡಕ್ಕೆ, ಕಾಳು ಬಲಕ್ಕೆ. ಕೈಗೆ ಕೆಲಸ ಇರುತ್ತದೆ, ತಲೆಗೆ ಇರುವುದಿಲ್ಲ, ಮತ್ತು ಮುಖ್ಯವಾಗಿ, ಮುಂದೇನಾಯಿತು ಎಂಬ ಕುತೂಹಲ ಶೇಂಗಾದಲ್ಲಿ ಇಲ್ಲ. ಅರ್ಧ ತಾಸಿನಲ್ಲಿ ಹೆಬ್ಬೆರಳು ಉರಿಯತೊಡಗುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಎರಡನೇ ವಾರದ ಕೊನೆಗೆ ಮನೆಯಲ್ಲಿ ಮೂರು ಡಬ್ಬಿ ಕಾಳು ತುಂಬಿತ್ತು. ಶೇಂಗಾ ಹಿಂಡಿ, ಶೇಂಗಾ ಹೋಳಿಗೆ, ಪಲ್ಯಕ್ಕೆಲ್ಲ ಶೇಂಗಾ ಪುಡಿ. ಮಗಳು ಕೈ ಮುಗಿದು, “ಅಪ್ಪಾ, ಇನ್ನು ದಯವಿಟ್ಟು ಮಲಗಿಬಿಡು” ಎಂದಳು.

ಬೆಳಿಗ್ಗೆ 5.45ಕ್ಕೆ ಎದ್ದವನು ಮನೆಯಲ್ಲಿ ಕೂತರೆ ಮತ್ತೆ ಗೋಡೆ ಕಾಣುತ್ತದೆ. ಹಾಗಾಗಿ ಬಾರಾಕಮಾನಿನ ಕಡೆ ನಡೆಯತೊಡಗಿದೆ. ಅಪ್ಪನ ಗೋಲಗುಮ್ಮಟವನ್ನು ಮೀರಿಸುವ ಗೋರಿ ಬೇಕೆಂದು ಎರಡನೇ ಅಲಿ ಆದಿಲ್ ಶಾಹ ಆರಂಭಿಸಿದ ಕಟ್ಟಡ. 1672ರಲ್ಲಿ ಅವನು ತೀರಿಕೊಂಡ ಮೇಲೂ ಪೂರ್ತಿಯಾಗಲಿಲ್ಲ. ಕಪ್ಪು ಕಲ್ಲಿನ ಕಮಾನುಗಳು ಮಾತ್ರ ನಿಂತಿವೆ, ಮೇಲೆ ಛಾವಣಿ ಇಲ್ಲ. ಈ ಊರಿನಲ್ಲಿ ಹುಟ್ಟಿ ನಲವತ್ನಾಲ್ಕು ವರ್ಷವಾದರೂ ಅದರ ಬಗ್ಗೆ ನನಗಿದ್ದುದು ಒಂದೇ ಭಾವನೆ, ಪಾಪ, ಅರ್ಧಕ್ಕೇ ನಿಂತಿತು ಎಂದು. ಬೆಳಕಿಗಾಗಿ ಅಲೆಯುವಾಗ ಬೇರೆ ಕಂಡಿತು. ಗೋಲಗುಮ್ಮಟ ಮುಗಿದಿದೆ, ಒಳಗೆ ಕತ್ತಲು. ಇದು ಮುಗಿದಿಲ್ಲ, ಸೂರ್ಯ ಒಂದು ಕಮಾನಿನಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತಾನೆ. ಗೇಟು ತೆರೆದಿದ್ದ ದಿನ ಒಳಗೆ, ಇಲ್ಲದ ದಿನ ಹೊರಗಿನಿಂದಲೇ ಒಂದು ಸುತ್ತು, ಪೂರ್ವಕ್ಕೆ ಮುಖ ಮಾಡಿ ಅರ್ಧ ತಾಸು. ಬರುವಾಗ ಒಂದು ಚಹಾ. ಮೂರನೇ ವಾರದ ಹೊತ್ತಿಗೆ ಹನ್ನೊಂದೂಕಾಲಿಗೆ ನಿದ್ದೆ ಹತ್ತುತ್ತಿತ್ತು. ದುಃಖ ಹೋಗಿರಲಿಲ್ಲ. ಆದರೆ ಅದು ಮೊದಲಿಗಿಂತ ತೆಳ್ಳಗಾಗಿತ್ತು, ಅದರ ಆಚೆ ಇರುವ ವಸ್ತುಗಳು ಕಾಣುವಷ್ಟು.

ಜಾರಿದ್ದೂ ಇದೆ. ಸಂಕ್ರಾಂತಿಗೆ ನಮ್ಮ ಸಿದ್ಧೇಶ್ವರ ಜಾತ್ರೆ. ಮದ್ದು ಸುಡುವುದನ್ನು ಪ್ರತಿ ವರ್ಷ ಅಣ್ಣನ ಜೊತೆ ನೋಡುತ್ತಿದ್ದವನು ಆ ಸಲ ಒಬ್ಬನೇ ನಿಂತು ನೋಡಿ ಬಂದೆ. ಮತ್ತೆ ಮೂರು ರಾತ್ರಿ ಲಕ್ಷ್ಮಣ್, ದ್ರಾವಿಡ್. ನಾಲ್ಕನೇ ದಿನ ಸರಿಹೋದದ್ದು ಯಾವ ಸಂಕಲ್ಪದಿಂದಲೂ ಅಲ್ಲ. ಆ ಮೂರು ದಿನವೂ ಬೈಯುತ್ತ, ತೂರಾಡುತ್ತ 5.45ಕ್ಕೇ ಎದ್ದಿದ್ದೆ. ಅಡೆನೋಸಿನ್ ತನ್ನ ಬಾಕಿ ವಸೂಲು ಮಾಡಿಕೊಂಡಿತು.

ಏಪ್ರಿಲ್‌ನಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿತು. ನಮ್ಮ ಕಡೆ ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ಮಲಗುತ್ತೇವೆ. ಅಂಗಳದ ಗೋಡೆ ಆಳೆತ್ತರ, ಮಾಳಿಗೆಯ ಮೇಲಿನದು ಮೊಣಕಾಲೆತ್ತರ. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಆ ಕಡೆ ಚಾದರದೊಳಗಿನಿಂದ ನೀಲಿ ಬೆಳಕು ಕಂಡಿತು. ಅಣ್ಣನ ಹಾಸಿಗೆ. ಗಡಿಯಾರ ನೋಡಿದೆ, ಒಂದೂಮುಕ್ಕಾಲು. ಮರುರಾತ್ರಿ ಬೇಕೆಂದೇ ಎದ್ದು ನೋಡಿದೆ, ಮತ್ತೆ ಅದೇ ಬೆಳಕು.

ಬೆಳಿಗ್ಗೆ 5.45ಕ್ಕೆ ಕೆಳಗಿಳಿದು, ವಾಟ್ನಿಯಾದ ಮೇಲೆ ಮೊದಲ ಸಲ ಅವರ ಬಾಗಿಲು ಬಡಿದೆ. ವೈನಿ ತೆರೆದರು.

“ಅಣ್ಣನನ್ನು ಎಬ್ಬಿಸುತ್ತೀರಾ ವೈನಿ? ಬಾರಾಕಮಾನಿನವರೆಗೆ ನಡೆದು ಬರುತ್ತೇವೆ.”

“ಈಗ ಒಂದು ತಾಸಿನ ಹಿಂದೆ ಕಣ್ಣು ಮುಚ್ಚಿದ್ದಾರೆ ತಮ್ಮಾ,” ಎಂದರು. ಎಂದವರು ಯಾಕೋ ಮುಖ ಬೇರೆ ಕಡೆ ತಿರುಗಿಸಿದರು.

“ಇರಲಿ, ನಾಳೆ ಬರುತ್ತೇನೆ,” ಎಂದು ಹಿಂದಿರುಗಿ ಬಂದೆ. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಎರಡು ಕಿಲೋದಷ್ಟು ಸುಲಿಯದ ಶೇಂಗಾ ಚೀಲದಲ್ಲಿ ಉಳಿದಿತ್ತು. ಒಯ್ದು ವೈನಿಯ ಕೈಗೆ ಕೊಟ್ಟು, ರಾತ್ರಿ ಅಣ್ಣನ ಹಾಸಿಗೆಯ ಪಕ್ಕ ಇಡಲು ಹೇಳಿದೆ.