ಕೂಸಿನ ರಾಗಿ ಸರಿ, ಹಳೆ ಪಂಚೆ ತುಂಡು

ಹೋದ ವಾರ ಶಿವಮೊಗ್ಗಕ್ಕೆ ನಾದಿನಿ ಮನೆಗೆ ಹೋಗಿದ್ದೆ. ಅವಳ ಸೊಸೆ ರಾಗಿ ಸರಿನ ನೀರು ನೀರು ಮಾಡಿ, ಬಾಟ್ಲಿಗೆ ಹಾಕಿ, ನಿಪ್ಪಲ್ ತೂತನ್ನ ಕತ್ರಿಲಿ ದೊಡ್ಡದು ಮಾಡಿ ಕೂಸಿಗೆ ಕುಡಿಸ್ತಾ ಇದ್ಲು. ನನಗೆ ತಡೆಯೋಕಾಗ್ಲಿಲ್ಲ. ಕುಡಿಯೋದು ಕೂಸಿಗೆ ಹುಟ್ಟಿದ ದಿನದಿಂದ ಬರುತ್ತೆ ಮಾರಾಯ್ತಿ, ಈಗ ಅದು ಕಲಿಬೇಕಾಗಿರೋದು ಉಣ್ಣೋದನ್ನ! ನಾಲಿಗೆ ಆಡಿಸಿ, ಒಳಗೆ ಎಳ್ಕೊಂಡು, ನುಂಗೋದನ್ನ. ಅದೂ ಅಲ್ದೆ ಆ ತೂತಿನಿಂದ ಗಂಜಿ ಬುಳಕ್ ಅಂತ ಬಂದು ಗಂಟಲಿಗೆ ಸಿಕ್ಕಿದ್ರೆ ಯಾರು ಗತಿ? ಬಾಟ್ಲಿ ಬದಿಗಿಡ್ಸಿ, ಒಂದು ಬಟ್ಟಲು, ಒಂದು ಸಣ್ಣ ಚಮಚ ತರ್ಸಿದೆ. ಹಾಗೇ ಬರೆದೇ ಬಿಡೋಣ ಅನ್ನಿಸ್ತು, ಯಾಕಂದ್ರೆ ಅವಳೊಬ್ಬಳೇ ಅಲ್ಲ, ಈಗಿನ ಹುಡುಗೀರು ಸುಮಾರು ಜನ ಹೀಗೇ ಮಾಡ್ತಾರೆ.

6 ತಿಂಗಳು ತುಂಬೋವರೆಗೂ ಎದೆಹಾಲು ಬಿಟ್ರೆ ಒಂದು ಹನಿ ನೀರೂ ಬೇಡ. ನಮ್ಮ ಕಾಲದಲ್ಲಿ ನಾಲ್ಕಕ್ಕೇ ಶುರು ಮಾಡ್ತಿದ್ವಿ, ಅದು ಸರಿ ಇರ್ಲಿಲ್ಲ. ಹಂಗಂತ ಹಲ್ಲು ಬರ್ಲಿ ಅಂತ ಎಂಟೊಂಬತ್ತು ತಿಂಗಳವರೆಗೆ ಕಾಯೋದೂ ತಪ್ಪೇ. ತಾಯಿ ಹೊಟ್ಟೇಲಿದ್ದಾಗ ಕೂಸು ಕೂಡಿಟ್ಕೊಂಡಿದ್ದ ಕಬ್ಬಿಣದ ಅಂಶ ಸುಮಾರು ಆರನೇ ತಿಂಗಳಿಗೆ ಕರಗ್ತಾ ಬರುತ್ತೆ, ಬರೀ ಹಾಲಲ್ಲಿ ಅದು ತುಂಬಲ್ಲ. ಕುತ್ತಿಗೆ ನಿಂತಿರ್ಬೇಕು, ಹಿಡ್ಕೊಂಡ್ರೆ ಕೂರ್ಬೇಕು, ನೀವು ಉಣ್ಣುವಾಗ ನಿಮ್ಮ ಕೈನೇ ನೋಡ್ತಿರ್ಬೇಕು, ಆಗ ಹದ.

ಇನ್ನು ಹಿಟ್ಟು. ನಮ್ಮ ಕಡೆ ಅಡಿಕೆ, ಭತ್ತ ಬಿಟ್ರೆ ರಾಗಿ ಎಲ್ಲಿ, ನಮ್ಮತ್ತೆ ಕಡೂರು ಕಡೆಯಿಂದ ತರಿಸ್ತಿದ್ರು. ರಾಗಿನ ನಾಲ್ಕೈದು ನೀರಲ್ಲಿ ತೊಳೆದು, ಕಲ್ಲು ತಳಕ್ಕೆ ನಿಲ್ಲೋ ಹಂಗೆ ಗಾಳಿಸಿ, ರಾತ್ರಿ ನೆನೆಹಾಕಿ ಬೆಳಗ್ಗೆ ಬಸಿದು ಬಟ್ಟೇಲಿ ಕಟ್ಟಿಡಿ. ಬೇಸಿಗೇಲಿ ಒಂದು ದಿನಕ್ಕೇ ಮೊಳಕೆ ಇಣುಕುತ್ತೆ, ಮಳೆಗಾಲದ ಥಂಡಿಗೆ ಎರಡು ದಿನ ಬೇಕು. ನಡುನಡುವೆ ನೀರು ಚಿಮುಕಿಸಿ. ಮೊಳಕೆ ಎಳ್ಳಿನಷ್ಟಾದ್ರೆ ಸಾಕು, ಬಾಲ ಉದ್ದ ಬಿಡ್ಬೇಡಿ, ಕಹಿ ಬರುತ್ತೆ. ಹುಳಿ ವಾಸನೆ ಬಂತಾ, ಪೂರ್ತಿ ದನಕ್ಕೆ ಹಾಕಿ, ತೊಳೆದು ಸರಿ ಮಾಡ್ತೀನಿ ಅನ್ನಬೇಡಿ.

ಒಣಗಿಸೋದೇ ಮಲೆನಾಡಲ್ಲಿ ಕಷ್ಟ. ಪುನರ್ವಸು ಮಳೆ ಹಿಡಿದ್ರೆ ತೀರ್ಥಹಳ್ಳಿ ಕಡೆ ಸೂರ್ಯನ ಮುಖ ನೋಡೋದು ಅಪರೂಪ. ನಾವು ಬಚ್ಚಲೊಲೆ ಕೆಂಡ ಆರ್ತಾ ಬಂದ ಮೇಲೆ ಅದರ ಹತ್ರ ತಟ್ಟೇಲಿ ಹರಡಿಡ್ತಿದ್ವಿ, ಆಗಾಗ ಕೈ ಆಡಿಸ್ತಾ. ಹಲ್ಲಿಗಿಟ್ರೆ ಕಟ್ ಅನ್ನಬೇಕು. ನನ್ನ ದೊಡ್ಡ ಮಗನಿಗೆ ಅಂತ ಒಂದ್ಸಲ ಅವಸರದಲ್ಲಿ ಬಿಸಿ ಆರೋ ಮುಂಚೆನೇ ಹಿಟ್ಟು ಡಬ್ಬಿಗೆ ತುಂಬಿಬಿಟ್ಟೆ, ಹತ್ತು ದಿನಕ್ಕೆ ಮುಚ್ಚಳ ತೆಗೆದ್ರೆ ಮುಗ್ಗಲು ವಾಸನೆ, ಎರಡು ಸೇರು ಹಿಟ್ಟು ತಿಪ್ಪೆಗೆ ಹೋಯ್ತು. ಅವತ್ತಿಂದ ಮಳೆಗಾಲದಲ್ಲಿ ಎರಡು ವಾರಕ್ಕಾಗೋಷ್ಟೇ ಮಾಡೋದು. ಒದ್ದೆ ಚಮಚ ಡಬ್ಬಿಗೆ ಹಾಕೋರನ್ನ ಕಂಡ್ರೆ ನನಗಾಗಲ್ಲ, ಇದೇ ಕೈಗಳು ಅಪ್ಪೆಮಿಡಿ ಜಾಡಿಗೂ ಒದ್ದೆ ಸೌಟು ಇಳಿಸಿ ಆಮೇಲೆ ಉಪ್ಪಿನಕಾಯಿ ಹಾಳಾಯ್ತು ಅಂತ ಉಪ್ಪನ್ನ ಬೈತಾವೆ.

ಒಣಗಿದ ರಾಗಿನ ಎರಡು ಅಂಗೈ ನಡುವೆ ಉಜ್ಜಿ, ಮೊಳಕೆ ಬಾಲ ಉದುರಿಸಿ, ಮೊರದಲ್ಲಿ ಕೇರಿ. ಬಾಣಲೇಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿದ್ರೆ ಸಾಕು, ಪರಿಮಳ ಬಂದ ಕೂಡ್ಲೆ ಇಳಿಸಿ, ಬಣ್ಣ ತಿರುಗಿದ್ರೆ ಮೊಳಕೆ ಬರಿಸಿದ್ದು ದಂಡ. ಆರಿಸಿ ಮಿಕ್ಸಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗ್ಸಿ, ಜಾರು ಕಾಯ್ಬಾರ್ದು.

ಇಲ್ಲಿಗೆ ಮುಗೀತು ಅಂತ ಎಲ್ಲರೂ ಡಬ್ಬಿಗೆ ತುಂಬ್ತಾರೆ, ಇಲ್ಲೇ ನನ್ನ ತಕರಾರು. ವಸ್ತ್ರಗಾಳಿತ ಮಾಡ್ಬೇಕು. ಜರಡಿ ಅಲ್ಲ, ಬಟ್ಟೆ. ಎಂಥ ಬಟ್ಟೆ? ಉಟ್ಟು ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆ, ಹೊಸದಾಗ್ಲಿ ಟೆರಿಕಾಟ್ ಆಗ್ಲಿ ಬೇಡವೇ ಬೇಡ. ನಮ್ಮತ್ತೆ ಮಾವನ ಪಂಚೇಲಿ ಒಂದು ತುಂಡನ್ನ ಇದಕ್ಕೇ ಅಂತ ಮೀಸಲಿಟ್ಟಿದ್ರು. ಅಗಲ ಬಾಯಿಯ ಪಾತ್ರೆಗೆ ಅದನ್ನ ಕಟ್ಟಿ, ಆದ್ರೆ ಡೋಲಿನ ಹಂಗೆ ಬಿಗಿ ಮಾಡ್ಬೇಡಿ, ನಡುವೆ ಒಂದು ಹಿಡಿ ಹಿಟ್ಟು ಕೂರೋಷ್ಟು ಜೋಲು ಇರ್ಲಿ. ಒಂದೇ ಹಿಡಿ ಹಾಕಿ, ಅಂಗೈಯಲ್ಲಿ ಮೆತ್ತಗೆ, ದನದ ಮೈ ಸವರೋ ಹಂಗೆ, ಸುತ್ತ ಸುತ್ತ ಸವರಿ. ಬೆರಳಲ್ಲಿ ಒತ್ತಬೇಡಿ, ಉಗುರು ತಾಗಿಸ್ಬೇಡಿ, ಒತ್ತಿದ್ರೆ ಸಿಪ್ಪೆನೂ ಇಳಿದುಬಿಡುತ್ತೆ. ಸ್ವಲ್ಪ ಹೊತ್ತಿಗೆ ಕೈ ಕೆಳಗೆ ತೌಡು ಮಾತ್ರ ಚರಚರ ಅಂತ ಉಳಿಯುತ್ತೆ, ಅದನ್ನ ತೆಗೆದು ದೋಸೆ ಹಿಟ್ಟಿಗೆ ಹಾಕಿ, ಇನ್ನೊಂದು ಹಿಡಿ ತಗೊಳ್ಳಿ. ಒಂದು ಪಾವು ಹಿಟ್ಟಿಗೆ ಮುಕ್ಕಾಲು ಗಂಟೆನಾದ್ರೂ ಹೋಗುತ್ತೆ, ಹೋಗ್ಲಿ ಬಿಡಿ, ಆ ಹೊತ್ತಲ್ಲಿ ಫೋನ್ ನೋಡ್ತೀರಲ್ಲ. ಕೆಳಗೆ ಇಳಿದ ಹಿಟ್ಟನ್ನ ತುಟಿಗೆ ಹಚ್ಚಿ ನೋಡಿ, ಪೌಡರ್ ಹಂಗೆ ಜಾರ್ಬೇಕು, ಒಂದು ಕಾಳಷ್ಟು ತರಿ ಸಿಕ್ಕಿದ್ರೂ ಮತ್ತೊಂದ್ಸಲ ಹಾಕಿ. ನಮ್ಮತ್ತೆ ನನ್ನ ಕೈಲಿ ಮೂರು ಸಲ ಮಾಡಿಸಿದ್ದರು, ಅವತ್ತು ಕಣ್ಣಲ್ಲಿ ನೀರು ಬಂದಿತ್ತು, ಆದ್ರೆ ನನ್ನ ಮೂರು ಮಕ್ಕಳೂ ಒಂದು ದಿನ ಹೊಟ್ಟೆನೋವು ಅಂತ ಅಳ್ಲಿಲ್ಲ.

ಕಾಯಿಸುವಾಗ ಹಿಟ್ಟನ್ನ ತಣ್ಣೀರಲ್ಲೇ ಕಲಸಿ, ಬಿಸಿನೀರಿಗೆ ಹಾಕಿದ್ರೆ ಗಂಟು ಖಂಡಿತ. ಸಣ್ಣ ಉರೀಲಿ ಕೈ ಬಿಡದೆ ತಿರುವಿ, ಹಸಿ ವಾಸನೆ ಹೋಗಿ ಮಿರಮಿರ ಹೊಳಪು ಬರೋವರೆಗೆ. ಮೊಳಕೆ ರಾಗಿ ಬೇರೆ ಹಿಟ್ಟಿನಷ್ಟು ಗಟ್ಟಿಯಾಗಲ್ಲ, ಮೊಳಕೆಯೊಳಗಿನ ಸತ್ವ ಗಂಜೀನ ತೆಳ್ಳಗೆ ಮಾಡುತ್ತೆ, ಕೆಟ್ಟೋಯ್ತು ಅಂತ ಗಾಬರಿ ಬೇಡ, ಅದೇ ಅದರ ಲಾಭ. ಇನ್ನೊಂದಿಷ್ಟು ಹಿಟ್ಟು ಸೇರಿಸ್ಬೋದು, ಕೂಸಿನ ಪುಟ್ಟ ಹೊಟ್ಟೆಗೆ ಜಾಸ್ತಿ ಆಹಾರ ಹೋಗುತ್ತೆ. ಚಮಚ ವಾಲಿಸಿದ್ರೆ ಸುರಿಯಬಾರ್ದು, ನಿಧಾನ ಜಾರ್ಬೇಕು. ಒಂದು ಹನಿ ತುಪ್ಪ ಬಿಡಿ. ಉಪ್ಪು, ಸಕ್ಕರೆ, ಬೆಲ್ಲ ಯಾವ್ದೂ ಬೇಡ. ನಿಮ್ಮ ನಾಲಿಗೆಗೆ ಸಪ್ಪೆ, ಅದರ ನಾಲಿಗೆಗಲ್ಲ.

ಮೊದಲ ದಿನ ಎರಡು ಮೂರು ಚಮಚ. ಕೂರಿಸಿ ತಿನ್ಸಿ. ನಾವು ಕಾಲ ಮೇಲೆ ಮಲಗಿಸ್ಕೊಂಡು ಒಳಲೇಲಿ, ಅದೇ ಮೂತಿ ಇರೋ ಪುಟ್ಟ ಬಟ್ಟಲಲ್ಲಿ, ಬಾಯಿಗೆ ಹೊಯ್ತಿದ್ವಿ, ಈಗ ನೆನೆಸ್ಕೊಂಡ್ರೆ ಎದೆ ಧಸಕ್ ಅನ್ನುತ್ತೆ. ಉಗುಳಿದ್ರೆ ಬೇಜಾರು ಬೇಡ, ನಾಲಿಗೆ ಹೊರಗೆ ತಳ್ಳೋದು ಅದರ ಅಭ್ಯಾಸ, ನಾಳೆ ಮತ್ತೆ ಕೊಡಿ. ಮೂರ್ನಾಲ್ಕು ದಿನಕ್ಕೊಂದು ಹೊಸದು, ಹೆಸರುಬೇಳೆ ಅನ್ನ, ಸಿಹಿಗುಂಬಳ, ಕಿವುಚಿದ ಪುಟ್ಟಬಾಳೆ, ತಿನ್ನೋರಾದ್ರೆ ಮೊಟ್ಟೆ ಚೆನ್ನಾಗಿ ಬೇಯಿಸಿ. ರಾಗಿ ಒಂದನ್ನೇ ನಂಬಿ ಕೂರಬೇಡಿ. ಬೇಳೆಗೆ ಎರಡು ಹನಿ ನಿಂಬೆ ಹಿಂಡಿದ್ರೆ ಕಬ್ಬಿಣದ ಅಂಶ ಮೈಗೆ ಹತ್ತುತ್ತೆ, ಆಶಾ ಕಾರ್ಯಕರ್ತೆ ಕೊಡೋ ಕಬ್ಬಿಣದ ಸಿರಪ್ಪನ್ನೂ ತಪ್ಪಿಸ್ಬೇಡಿ. ಎಂಟು ಒಂಬತ್ತು ತಿಂಗಳಿಗೆ ಮಿಕ್ಸಿ ಬಿಡಿ, ಕೈಲಿ ಕಿವುಚಿ ಕೊಡಿ, ಇಲ್ಲಾಂದ್ರೆ ಆಮೇಲೆ ಅಗಿಯೋದು ಕಲಿಯೋಕೆ ಕಷ್ಟ ಆಗ್ಬೋದು. ಎದೆಹಾಲು ಜೊತೆಗೆ ನಡೀತಾನೇ ಇರ್ಲಿ.

ಜೇನುತುಪ್ಪ ಮಾತ್ರ ವರ್ಷ ತುಂಬೋವರೆಗೆ ನೆಕ್ಕಿಸ್ಲೇಬೇಡಿ, ನಮ್ಮ ಕಾಡಿನ ತುಡುವೆ ಜೇನಾದ್ರೂ ಅಷ್ಟೇ. ಅದರಲ್ಲಿರೋ ಕೆಲವು ಕ್ರಿಮಿ ನಮಗೇನೂ ಮಾಡಲ್ಲ, ಎಳೆ ಹೊಟ್ಟೇಲಿ ವಿಷ ಕಾರುತ್ತೆ. ನಾನು ಬಜೆ ತೇಯ್ದು ಜೇನಲ್ಲಿ ಕಲಸಿ ಕೊಟ್ಟವಳೇ, ಗೊತ್ತಿರ್ಲಿಲ್ಲ. ನಿದ್ದೆ ಬರ್ಲಿ ಅಂತ ಜಾಯಿಕಾಯಿ ತೇಯೋದೂ ಬೇಡ.

ಕೆಲಸ ಮುಗಿದ ಮೇಲೆ ಪಂಚೆ ತುಂಡನ್ನ ಸೋಪು ಹಾಕದೆ ಬಿಸಿನೀರಲ್ಲಿ ಜಾಲಿಸಿ, ಗರಿಗರಿ ಒಣಗಿಸಿ, ಮಡಚಿ ಹಿಟ್ಟಿನ ಡಬ್ಬಿ ಮೇಲೇ ಇಡಿ. ಎಲ್ಲೆಲ್ಲೋ ಇಟ್ರೆ ಯಾರಾದ್ರೂ ಅದರಲ್ಲಿ ಗ್ಯಾಸ್ ಕಟ್ಟೆ ಒರೆಸಿಬಿಡ್ತಾರೆ.