ಮೋಡ ಕಟ್ಟುವ ದಿನಗಳಲ್ಲಿ ಮನೆಮಂದಿಯೊಂದಿಗೆ ಗಾಳ ಹಾಕುವುದು ಹೇಗೆ?

ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಕಾರಂಜಾ, ಬೆಣ್ಣೆತೊರಾ, ಅಮರ್ಜಾ, ಹತ್ತಿಕುಣಿ ಜಲಾಶಯಗಳ ದಂಡೆಗೆ ರಜೆಯ ದಿನ ಗಾಳ ಹಿಡಿದು ಹೋಗುವವರು ಮೀನು ಹಿಡಿಯುವುದರಲ್ಲಿ ಎಡವುವುದಿಲ್ಲ, ಎದ್ದು ಹೊರಡುವುದರಲ್ಲಿ ಎಡವುತ್ತಾರೆ. ಆಕಾಶ ಕಪ್ಪಾದರೂ 'ಇನ್ನೊಂದು ಕಚ್ಚಲಿ' ಎಂದು ಕೂರುತ್ತಾರೆ. ಹನಿ ಬಿದ್ದ ಮೇಲೆ ಮಕ್ಕಳನ್ನು ಎಳೆದುಕೊಂಡು ಜಾಲಿ ಮರದ ಕೆಳಗೆ ಓಡುತ್ತಾರೆ. ಅಷ್ಟರಲ್ಲಿ ಕಾರು ಎರಿ (ಕಪ್ಪು) ಮಣ್ಣಿನಲ್ಲಿ ಹೂತಿರುತ್ತದೆ. ಏಪ್ರಿಲ್-ಮೇ ತಿಂಗಳ ಅಕಾಲಿಕ ಮಳೆಯಲ್ಲೂ ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲೂ ನಮ್ಮ ಕಡೆ ಸಿಡಿಲು ಹೆಚ್ಚು. ಅದನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು.

ಹೊರಡುವ ಮುನ್ನ

ಗುಡುಗಿನ ಮಳೆ ಸಾಮಾನ್ಯವಾಗಿ ಬಿಸಿಲು ಕಾದ ಮೇಲೆ, ಮಧ್ಯಾಹ್ನದ ನಂತರ ಕಟ್ಟುತ್ತದೆ. ಹಾಗಾಗಿ ಬೆಳಿಗ್ಗೆ 6ಕ್ಕೆ ದಂಡೆಯಲ್ಲಿರಿ, 12ಕ್ಕೆ ಗಂಟು ಕಟ್ಟಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ಸುತ್ತಮುತ್ತ ಬೀಳುತ್ತಿರುವ ಸಿಡಿಲನ್ನು ತೋರಿಸುತ್ತದೆ. ಮೊಬೈಲ್‌ಗೆ ಹಾಕಿಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಹಿನ್ನೀರಿನ ಅಂಚಿನಲ್ಲಿ ಸಿಗ್ನಲ್ ಸಿಗದ ಜಾಗಗಳು ಬಹಳ.

ಜಲಾಶಯಗಳ ಮೀನುಗಾರಿಕೆ ಹಕ್ಕು ಸಾಮಾನ್ಯವಾಗಿ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಹೋಗಿರುತ್ತದೆ, ಮೊದಲು ಅವರನ್ನು ಕೇಳಿ. ಚಂದ್ರಂಪಳ್ಳಿ ಜಲಾಶಯ ಇರುವುದು ಚಿಂಚೋಳಿ ವನ್ಯಜೀವಿಧಾಮದಲ್ಲಿ. ಅಲ್ಲಿಗೆ ಗಾಳ ಒಯ್ಯಬೇಡಿ.

ಸಾಮಾನು ಹೆಚ್ಚು ಬೇಡ. 3 ಮೀಟರ್ ಬಿದಿರು ಕೋಲು, 0.30 ಮಿ.ಮೀ. ನೈಲಾನ್ ದಾರ, 8ನೇ ನಂಬರಿನ ಗಾಳ, ಸೀಸದ ಚಿಕ್ಕ ಗುಂಡು, ನೀರಿನ ಮೇಲೆ ತೇಲುವ ಬೆಂಡು. ಒಣಗಿದ ಜೋಳದ ದಂಟಿನ ಬೆಂಡನ್ನು ಕರಗಿದ ಮೇಣದಲ್ಲಿ ಅದ್ದಿ ತೆಗೆದರೆ ಅಂಗಡಿಯ ಪ್ಲಾಸ್ಟಿಕ್ ಬೆಂಡು ಬೇಕಿಲ್ಲ. ಮಕ್ಕಳ ಕೈಗೆ ಕಾರ್ಬನ್ ಕೋಲು ಕೊಡಲೇಬೇಡಿ. ಕಾರ್ಬನ್ ವಿದ್ಯುತ್ ಹರಿಸುತ್ತದೆ, ಬಯಲು ದಂಡೆಯಲ್ಲಿ ಎತ್ತಿ ಹಿಡಿದಾಗ ಸುತ್ತಮುತ್ತ ಎಲ್ಲಕ್ಕಿಂತ ಎತ್ತರದ ವಸ್ತು ಅದೇ. ನೆನೆದ ಬಿದಿರೂ ವಿದ್ಯುತ್ ಹರಿಸುತ್ತದೆ, ಗುಡುಗು ಕೇಳಿದರೆ ಅದನ್ನೂ ಕೆಳಗಿಡಬೇಕು. ಗಾಳಿ ತುಂಬುವ ಟ್ಯೂಬು, ರಬ್ಬರ್ ಬಳೆ ಮಾರುವವರಿಂದ ದೂರವಿರಿ. ಗಾಳಿ ಎದ್ದಾಗ ಅವು ಮಗುವನ್ನು ದಂಡೆಯಿಂದ ಒಳಗೆ ತಳ್ಳಿಕೊಂಡು ಹೋಗುತ್ತವೆ. ಅದರ ಬದಲು 5 ಲೀಟರಿನ ಖಾಲಿ ಎಣ್ಣೆ ಕ್ಯಾನಿನಲ್ಲಿ ಒಂದು ಲೋಟ ನೀರು ಹಾಕಿ, ಬಿರಡೆ ಬಿಗಿದು, ಹಿಡಿಕೆಗೆ 15 ಮೀಟರ್ ಹಗ್ಗ ಕಟ್ಟಿ ಇಟ್ಟುಕೊಳ್ಳಿ. ಒಳಗಿನ ನೀರಿನ ತೂಕಕ್ಕೆ ಕ್ಯಾನು ದೂರ ಬೀಳುತ್ತದೆ, ಮುಳುಗುವವರಿಗೆ ತೇಲಾಸರೆಯಾಗುತ್ತದೆ. ಯಾರೂ ನೀರಿಗೆ ಹಾರಬಾರದು. ಕ್ಯಾನು ಎಸೆಯಿರಿ, ಕೋಲು ಚಾಚಿ, ಇಲ್ಲದಿದ್ದರೆ ಸೀರೆ ಎಸೆಯಿರಿ.

ಗಾಡಿ ನಿಲ್ಲಿಸುವುದು

ಬೀದರ್ ಪಟ್ಟಣದ ಸುತ್ತಿನ ಕೆಂಪು ನೆಲ ನೀರು ಇಂಗಿಸುತ್ತದೆ. ಎರಿ ಭೂಮಿ ಹಾಗಲ್ಲ, ಒಂದು ಜೋರು ಮಳೆಗೆ ಗಾಲಿಗೆ ಸುತ್ತಿಕೊಳ್ಳುತ್ತದೆ. ಬೈಕಿನ ಮಡ್‌ಗಾರ್ಡಿನಲ್ಲಿ ಮಣ್ಣು ತುಂಬಿ ಚಕ್ರವೇ ತಿರುಗುವುದಿಲ್ಲ. ಆದ್ದರಿಂದ ದಂಡೆಯ ತನಕ ಇಳಿಸದೆ ಮುರುಮು ಅಥವಾ ಡಾಂಬರು ರಸ್ತೆಯಲ್ಲೇ, ಮುಖ ಊರಿನ ಕಡೆಗೆ ಮಾಡಿ ನಿಲ್ಲಿಸಿ. ಹೂತೇಬಿಟ್ಟರೆ ಆ್ಯಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಗಾಲಿಯ ಮುಂದಿನ ಮಣ್ಣು ಕೆರೆದು, ಗೋಣಿಚೀಲವೋ ತೊಗರಿ ಕಟ್ಟಿಗೆಯೋ ಅಡ್ಡಡ್ಡ ಹಾಸಿ, ಎರಡನೇ ಗೇರಿನಲ್ಲಿ ನಿಧಾನ ಎಬ್ಬಿಸಿ. ಕಟ್ಟಿಗೆ ಹೊಲದವರದು, ಕೇಳಿ ತೆಗೆದುಕೊಳ್ಳಿ.

ಕೂರುವ ಜಾಗ, ಎರೆ

ಹಳ್ಳ ಬಂದು ಸೇರುವ ಬಾಯಿಯಲ್ಲಿ ಮೀನು ಚೆನ್ನಾಗಿ ಕಚ್ಚುತ್ತವೆ, ಏಕೆಂದರೆ ಹೊಸ ನೀರು ಹುಳು-ಹುಪ್ಪಟೆ ಹೊತ್ತು ತರುತ್ತದೆ. ಮೋಡದ ದಿನ ಕೂರಬಾರದ ಜಾಗವೂ ಅದೇ. ಮಳೆ ಮೇಲೆ ಎಲ್ಲೋ ಸುರಿದಿರುತ್ತದೆ, ಇಲ್ಲಿ ಬಿಸಿಲಿರುವಾಗಲೇ ಹಳ್ಳ ಏರುತ್ತದೆ. ನೀರು ಕೆಂಪಗೆ ಕದಡಿ, ಕಸಕಡ್ಡಿ ತೇಲಿ ಬಂದರೆ ತಕ್ಷಣ ಮೇಲೇರಿ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದ್ದು ಮಹಾರಾಷ್ಟ್ರದ ಮಳೆ ಮತ್ತು ಅಲ್ಲಿನ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ. ನಾರಾಯಣಪುರದ ಬಸವಸಾಗರವಿರಲಿ, ಬೇರೆ ಯಾವುದೇ ಅಣೆಕಟ್ಟಿರಲಿ, ಗೇಟಿನ ಕೆಳಗಡೆ ಗಾಳ ಹಾಕುವ ಮಾತೇ ಬೇಡ. ಮಣ್ಣು ತೆಗೆದ ಗುಂಡಿಗಳು ನೀರು ಏರಿದಾಗ ಕಾಣುವುದಿಲ್ಲ, ಮಕ್ಕಳು ಪಾದ ಮುಳುಗುವಷ್ಟೂ ಇಳಿಯಬಾರದು. ತೆಪ್ಪ, ಥರ್ಮಾಕೋಲು ಹಲಗೆ ಹತ್ತಬೇಡಿ.

ಎರೆಗೆ ಎರೆಹುಳು ಸಾಕು. ಗೆಂಡೆ, ರೋಹು ಬೇಕಿದ್ದರೆ ಜೋಳದ ಹಿಟ್ಟು ಎರಡು ಪಾಲು, ಎಣ್ಣೆ ಗಾಣದ ಶೇಂಗಾ ಹಿಂಡಿ ಒಂದು ಪಾಲು ಬಿಸಿನೀರಿನಲ್ಲಿ ನಾದಿ, ಕಡಲೆ ಗಾತ್ರದ ಉಂಡೆ ಮಾಡಿ.

ಏಳುವ ಹೊತ್ತು

ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ, ಮುಂದಿನದು ನಿಮ್ಮ ಮೇಲೆಯೇ ಬೀಳಬಹುದು. ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ ಈ ಲೆಕ್ಕ ಬದಲಾಗದು. ಎಣಿಕೆ ತಪ್ಪಿತು ಎನಿಸಿದರೆ ಗುಡುಗು ಕೇಳಿದ್ದೇ ಸಾಕು, ಏಳಿ. ಸೆಕೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಧೂಳೆಬ್ಬಿಸಿ ಬೀಸಿದರೆ ಮಳೆಗೆ ಕೆಲವೇ ನಿಮಿಷ ಉಳಿದಿದೆ ಎಂದರ್ಥ.

ಆಗ ಮಾಡುವುದು ಇಷ್ಟು, ಇದೇ ಕ್ರಮದಲ್ಲಿ. ಎಲ್ಲರೂ ಕೋಲು ನೆಲಕ್ಕೆ ಹಾಕುತ್ತಾರೆ. ಕಾಕಾನೋ ಮಾವನೋ, ಮೊದಲೇ ಗೊತ್ತು ಮಾಡಿದ ಒಬ್ಬರು ಮಕ್ಕಳನ್ನು ಮತ್ತು ಆಯಿ-ಅಜ್ಜನನ್ನು ಕಾರಿಗೆ ಕರೆದೊಯ್ಯುತ್ತಾರೆ. ಉಳಿದವರು ಬೆನ್ನಿಗೇ ನಡೆಯುತ್ತಾರೆ. ಬುತ್ತಿ, ತಾಡಪತ್ರಿ, ಸಿಕ್ಕಿಕೊಂಡ ದಾರ ಎಲ್ಲ ಅಲ್ಲೇ ಇರಲಿ. ದಾರ ಬಿಡಿಸುತ್ತಾ ನಿಲ್ಲುವುದೇ ಅತಿ ಸಾಮಾನ್ಯ ತಪ್ಪು.

ಲೋಹದ ಚಾವಣಿಯ ಕಾರು ಸುರಕ್ಷಿತ. ಅದಕ್ಕೆ ಕಾರಣ ರಬ್ಬರ್ ಟೈರಲ್ಲ, ವಿದ್ಯುತ್ತನ್ನು ಹೊರಮೈಯಲ್ಲೇ ಹರಿಸಿ ನೆಲಕ್ಕಿಳಿಸುವ ಲೋಹದ ಕವಚ. ಗಾಜು ಏರಿಸಿ, ಬಾಗಿಲಿನ ಲೋಹ ಮುಟ್ಟದೆ ಕೂರಿ. ಬೈಕು, ಆಟೊ, ಟ್ರ್ಯಾಕ್ಟರು ಆಸರೆಯಲ್ಲ. ನಾಲ್ಕು ಕಂಬದ ತಗಡಿನ ಶೆಡ್ಡೂ ಅಲ್ಲ, ಯಾದಗಿರಿ ಕಡೆಯ ಬಂಡೆಯ ಚಾಚಿನ ಕೆಳಗೂ ಅಲ್ಲ. ಒಂಟಿ ಮರ ಎಲ್ಲಕ್ಕಿಂತ ಕೆಟ್ಟದ್ದು, ಸಿಡಿಲು ಕಾಂಡದಿಂದ ಪಕ್ಕದ ಮನುಷ್ಯನಿಗೆ ಹಾರುತ್ತದೆ.

ಕಾರು ದೂರವಿದ್ದು ಬಯಲಲ್ಲಿ ಸಿಕ್ಕಿಬಿದ್ದರೆ ನೀರಿನಿಂದ, ಮರದಿಂದ, ತಂತಿ ಬೇಲಿಯಿಂದ ದೂರ ಸರಿದು ಒಬ್ಬರಿಂದೊಬ್ಬರು ಆರೇಳು ಮೀಟರ್ ಅಂತರ ಬಿಡಿ. ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಮಲಗಬೇಡಿ. ನೆಲದಲ್ಲಿ ಹರಿಯುವ ವಿದ್ಯುತ್ತು ದೇಹ ಎಷ್ಟು ಜಾಗ ಮುಟ್ಟಿದೆಯೋ ಅಷ್ಟು ಹೆಚ್ಚು ಹಾಯುತ್ತದೆ, ದನಗಳು ಹೆಚ್ಚು ಸಾಯುವುದು ಕಾಲುಗಳ ನಡುವಿನ ಅಂತರದಿಂದಲೇ. ಹೀಗೆ ಕೂತರೆ ಅಪಾಯ ಕಡಿಮೆಯಾಗುತ್ತದೆ ಅಷ್ಟೆ, ಸಂದು ಸಿಕ್ಕಾಗ ಕಾರಿಗೆ ಹೋಗಲೇಬೇಕು.

ಯಾರಿಗಾದರೂ ಸಿಡಿಲು ಹೊಡೆದರೆ ಮುಟ್ಟಲು ಹೆದರಬೇಡಿ, ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ. 112ಕ್ಕೆ ಕರೆ ಮಾಡಿಸಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರಂತೆ, 5 ಸೆಂ.ಮೀ. ಇಳಿಯುವಷ್ಟು ಒತ್ತುತ್ತಲೇ ಇರಿ.

ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಕಾರಿನಿಂದ ಇಳಿಯಬೇಡಿ. ಮನೆಗೆ ಹೋಗುವಾಗ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ನಿಲ್ಲಿ, ಒಂದಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ.

ಮೀನು

ಹೊಟ್ಟೆ ತುಂಬ ಮೊಟ್ಟೆಯಿರುವ ಮೀನನ್ನು ಒದ್ದೆ ಕೈಯಿಂದ ಹಿಡಿದು ವಾಪಸು ನೀರಿಗೆ ಬಿಡಿ. ಉಳಿದವುಗಳ ಕಿವಿರು, ಕರುಳು ತೆಗೆದು, ಮೀನಿನಷ್ಟೇ ತೂಕದ ಮಂಜುಗಡ್ಡೆಯಲ್ಲಿ ಇಡಿ. ಕದಡಿದ ನೀರಿನ ಮೀನಿಗೆ ಮಣ್ಣಿನ ವಾಸನೆ ಇದ್ದರೆ ಹರಳುಪ್ಪು, ಹುಣಸೆಹುಳಿ ತಿಕ್ಕಿ 10 ನಿಮಿಷ ಬಿಟ್ಟು ತೊಳೆಯಿರಿ. ಕೊರಮೀನಿನ ಲೋಳೆಗೆ ಒಲೆಯ ಬೂದಿ ಉಪ್ಪಿಗಿಂತ ಮೇಲು.